ಗೇರ್‌ಬಾಕ್ಸ್ ಇಳಿಸುವ ಮುಂಚೆ

ಹತ್ತು ಹದಿನೈದು ವರ್ಷ ಓಡಿದ ಆಟೋಮ್ಯಾಟಿಕ್ ಕಾರು ಇಟ್ಟುಕೊಂಡಿರುವ ಎಲ್ಲರಿಗೂ ಈ ಕಿವಿಮಾತು. ಮುಖ್ಯವಾಗಿ, ಸೆಕೆಂಡ್ ಹ್ಯಾಂಡ್ ಹೋಂಡಾ ಸಿಟಿ ತಗೊಂಡು, ಮೊನ್ನೆ ಬೆಂಗಳೂರಿನಿಂದ ಫೋನು ಮಾಡಿ "ದೊಡ್ಡಪ್ಪ, ಗೇರ್‌ಬಾಕ್ಸ್ ಹೋಗಿದೆಯಂತೆ, ಇಳಿಸಬೇಕಂತೆ" ಅಂದ ನನ್ನ ತಮ್ಮನ ಮಗಳಿಗೆ. ನನ್ನ ದುಡಿಮೆಯ ವಯಸ್ಸೆಲ್ಲ ಗ್ಯಾರೇಜಿನಲ್ಲೇ ಕಳೆದದ್ದು. "ಗೇರ್‌ಬಾಕ್ಸ್ ಹೋಗಿದೆ" ಅಂತ ಹೇಳಿಸಿಕೊಂಡು ಬಂದ ಎಷ್ಟೋ ಕಾರುಗಳ ತೊಂದರೆ ಗೇರ್‌ಬಾಕ್ಸಿನ ಹೊರಗೇ ಸಿಕ್ಕಿದೆ. ಒಳಗೇ ತೊಂದರೆ ಇದ್ದ ಕಾರುಗಳೂ ಬೇಕಾದಷ್ಟಿದ್ದವು. ಯಾವುದು ಹೇಗೆ ಅಂತ ಗೊತ್ತಾಗಬೇಕಾದರೆ ಒಂದು ಕ್ರಮ ಹಿಡಿದು ನೋಡಬೇಕು. ಬಿಚ್ಚುವುದು ಆ ಕ್ರಮದಲ್ಲಿ ಕಟ್ಟಕಡೆಗೆ ಬರುತ್ತದೆ.

• ನಿನ್ನ ಕಾರಿನಲ್ಲಿರುವುದು ಯಾವ ಜಾತಿಯ ಆಟೋಮ್ಯಾಟಿಕ್ ಅಂತ ಮೊದಲು ತಿಳಿದುಕೋ. ಕ್ಲಚ್ ಪೆಡಲ್ ಇಲ್ಲ ಅಂದಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಟಾರ್ಕ್ ಕನ್ವರ್ಟರ್ ಇರುವುದು, ಬೆಲ್ಟಿನ ಮೇಲೆ ಓಡುವ ಸಿವಿಟಿ, ಎರಡು ಕ್ಲಚ್ಚಿನ ಡಿಎಸ್‌ಜಿ, ಮ್ಯಾನ್ಯುವಲ್ ಗೇರ್‌ಬಾಕ್ಸಿಗೇ ಯಂತ್ರದ ಕೈ ಕೂರಿಸಿದ ಎಎಂಟಿ, ಈ ನಾಲ್ಕಕ್ಕೂ ಬರುವ ಕಾಯಿಲೆ ಬೇರೆ, ಮದ್ದೂ ಬೇರೆ. ಹೋಂಡಾ ಸಿಟಿ ಅನ್ನುವ ಒಂದೇ ಹೆಸರಿನಲ್ಲೇ ಎರಡು ಬಗೆ ಬಂದಿವೆ. 2008ಕ್ಕೆ ಮುಂಚಿನ ಆಟೋಮ್ಯಾಟಿಕ್‌ನಲ್ಲಿ ಸಿವಿಟಿ ಇತ್ತು. 2008ರ ಕೊನೆಯಿಂದ 2013ರವರೆಗೆ ಬಂದದ್ದು ಐದು ಗೇರಿನ ಟಾರ್ಕ್ ಕನ್ವರ್ಟರ್. 2014ರ ಮಾದರಿಯಲ್ಲಿ ಮತ್ತೆ ಸಿವಿಟಿ. ನಿನ್ನದು ನಡುವಿನ ಕಾಲದ್ದು. ಮಾರುತಿ ಸೆಲೆರಿಯೊ 2014ರಲ್ಲಿ ಎಎಂಟಿ ತಂದಿತು. ಅದರ ಲಿವರ್‌ನಲ್ಲಿ "ಪಿ" ಇರುವುದೇ ಇಲ್ಲ, ಅದೇ ಅದರ ಗುರುತು. ಗ್ಯಾರೇಜಿನಲ್ಲಿ ಯಾರಾದರೂ "ಆಟೋಮ್ಯಾಟಿಕ್ ಅಲ್ವಾ, ಎಲ್ಲಾ ಒಂದೇ" ಅಂದರೆ ಅಲ್ಲಿಂದ ಗಾಡಿ ತಿರುಗಿಸು.

• ಮೆಕ್ಯಾನಿಕ್ ಹತ್ತಿರ ಹೋಗುವ ಮುಂಚೆ ಮೂರ್ನಾಲ್ಕು ದಿನ ಕಾರನ್ನು ಗಮನವಿಟ್ಟು ಓಡಿಸು, ಕಂಡದ್ದನ್ನು ಬರೆದಿಡು. ತೊಂದರೆ ಬೆಳಿಗ್ಗೆ ತಣ್ಣಗಿರುವಾಗ ಬರುತ್ತದೋ, ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಬೆಂದ ಮೇಲೆ ಬರುತ್ತದೋ? ಯಾವ ವೇಗದಲ್ಲಿ, ಆಗ ಆರ್‌ಪಿಎಂ ಮುಳ್ಳು ಎಲ್ಲಿತ್ತು? ಎಸಿ ಹಾಕಿದ್ದೆಯಾ? ಏರಿನಲ್ಲೋ ಸಮತಟ್ಟಿನಲ್ಲೋ? "ಗಾಡಿ ಒಂಥರಾ ಎಳೀತಿದೆ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ತಣ್ಣಗಿದ್ದಾಗ ರಿವರ್ಸ್ ಹಾಕಿದರೆ ಮೂರು ಸೆಕೆಂಡ್ ತಡವಾಗಿ ಹಿಡಿಯುತ್ತೆ, ಬಿಸಿಯಾದ ಮೇಲೆ ಸರಿ ಇರುತ್ತೆ" ಅಂದರೆ ಅರ್ಧ ಪರೀಕ್ಷೆ ಮುಗಿದ ಹಾಗೆ.

• ಕಾಯಿಲೆ ಅಲ್ಲದ್ದನ್ನು ಕಾಯಿಲೆ ಅಂದುಕೊಳ್ಳಬೇಡ. ಚಳಿಗಾಲದ ಬೆಳಿಗ್ಗೆ ಮೊದಲ ಒಂದೆರಡು ಕಿಲೋಮೀಟರ್ ಗೇರ್ ಸ್ವಲ್ಪ ತಡವಾಗಿ ಏರುವುದು, ಚಾರ್ಮಾಡಿ ಘಾಟಿ ಹತ್ತುವಾಗ ಮೇಲಿನ ಗೇರಿಗೆ ಹೋಗದೆ ಕೆಳಗಿನದರಲ್ಲೇ ನಿಲ್ಲುವುದು, ಸಿವಿಟಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮೊದಲು ಕೂಗಿ ವೇಗ ಆಮೇಲೆ ಬರುವುದು, ಎಎಂಟಿಯಲ್ಲಿ ಗೇರ್ ಬದಲಾಗುವಾಗ ತಲೆ ಮುಂದಕ್ಕೆ ತೂಗುವುದು, ಇವೆಲ್ಲ ಅವುಗಳ ಸ್ವಭಾವ.

• ಆಯಿಲ್ ನೋಡುವುದನ್ನು ಕಲಿ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಆಯಿಲ್ ಬರೀ ಜಾರಿಕೆಗಲ್ಲ. ಒಳಗಿನ ಕ್ಲಚ್ಚುಗಳನ್ನು ಒತ್ತಿ ಹಿಡಿಯುವುದೂ ಅದರ ಒತ್ತಡವೇ, ಬಿಸಿಯನ್ನು ಹೊರಗೆ ಒಯ್ಯುವುದೂ ಅದೇ. ಅರ್ಧ ಲೀಟರ್ ಕಡಿಮೆಯಾದರೂ ಗೇರ್ ತಡವಾಗಿ ಬೀಳುತ್ತದೆ, ತಿರುವಿನಲ್ಲಿ ಜಾರುತ್ತದೆ.
ನೋಡುವ ವಿಧಾನ ಕಂಪನಿಯಿಂದ ಕಂಪನಿಗೆ ಬೇರೆ. ಬಹಳ ಮಂದಿ ಎಡವುವುದು ಇಲ್ಲೇ. ನಿನ್ನ ಹೋಂಡಾದಲ್ಲಿ ಹೀಗೆ ಮಾಡು: ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಎಂಜಿನ್ ಬಿಸಿ ಮಾಡಿ, ಸಮ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡು. ಆಫ್ ಮಾಡಿದ 60ರಿಂದ 90 ಸೆಕೆಂಡಿನ ಒಳಗೆ ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆದು ನೋಡು. ಹಳೆಯ ಹುಂಡೈಗಳಲ್ಲಿ ಇದು ತಿರುಗುಮುರುಗು. ಎಂಜಿನ್ ಓಡುತ್ತಲೇ ಇರಬೇಕು, ಬ್ರೇಕ್ ಒತ್ತಿಕೊಂಡು ಲಿವರ್ ಅನ್ನು ಒಂದೊಂದೇ ಮನೆಗೆ ನಿಧಾನ ಒಯ್ದು ತಂದು, ಆಮೇಲೆ ನೋಡಬೇಕು. ಒಂದರ ವಿಧಾನವನ್ನು ಇನ್ನೊಂದಕ್ಕೆ ಬಳಸಿದರೆ ಅಳತೆ ತಪ್ಪಿ, ಸರಿಯಿದ್ದ ಗೇರ್‌ಬಾಕ್ಸಿಗೆ ಹೆಚ್ಚು ಆಯಿಲ್ ಸುರಿದುಬಿಡುತ್ತಾರೆ. ಹೆಚ್ಚಾದರೆ ಆಯಿಲ್ ನೊರೆ ಬರುತ್ತದೆ, ನೊರೆಗೆ ಒತ್ತಡ ಹುಟ್ಟುವುದಿಲ್ಲ. ಡಿಪ್‌ಸ್ಟಿಕ್ಕೇ ಇಲ್ಲದ ಕಾರುಗಳೂ ಇವೆ. ಅವುಗಳ ಮಟ್ಟವನ್ನು ಆಯಿಲಿನ ಉಷ್ಣತೆ ನೋಡಿಕೊಂಡು ಕೆಳಗಿನ ಬೋಲ್ಟ್ ಬಿಚ್ಚಿ ನೋಡಬೇಕು. ಅದು ಮನೆಯಂಗಳದ ಕೆಲಸವಲ್ಲ.

• ಅದೇ ಡಿಪ್‌ಸ್ಟಿಕ್‌ನಿಂದ ಒಂದು ತೊಟ್ಟು ಬಿಳಿ ಟಿಶ್ಯೂ ಕಾಗದದ ಮೇಲೆ ಬಿಡು, ಹತ್ತು ನಿಮಿಷ ಬಿಟ್ಟು ನೋಡು. ಹೊಸ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್, ಕೆಂಪಗೆ, ತಿಳಿಯಾಗಿ ಹರಡಿಕೊಳ್ಳುತ್ತದೆ. ಹಳೆಯದು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕಂದಾಗಿದೆ ಅಂತ ಗಾಬರಿ ಬೇಡ, ಬದಲಿಸುವ ಕಾಲ ಬಂದಿದೆ ಅಷ್ಟೆ. ಕಪ್ಪಗಾಗಿ, ನಡುವೆ ಮಸಿಯಂಥ ಚುಕ್ಕೆ ಉಳಿದು, ಮೂಗಿಗೆ ಹಿಡಿದರೆ ಸೀದ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟುಗಳು ಸುಟ್ಟಿವೆ. ಬೆರಳಿನ ನಡುವೆ ಉಜ್ಜಿ ನೋಡು: ಮರಳಿನ ಹಾಗೆ ಕಚಕಚ ಅಂದರೆ, ಬಿಸಿಲಿಗೆ ಹಿಡಿದಾಗ ಮಿಣಮಿಣ ಹೊಳೆದರೆ ಅದು ಲೋಹದ ಪುಡಿ. ಬರೀ ಆಯಿಲ್ ನೋಡಿ ಹೇಳುವುದಾದರೆ ಈ ಎರಡು ಲಕ್ಷಣಗಳಿಗೆ ಮಾತ್ರ "ಒಳಗೆ ಕೆಟ್ಟಿದೆ" ಅನ್ನುವ ಮಾತನ್ನು ನಾನು ಒಪ್ಪುತ್ತೇನೆ.
ಹಾಲು ಬೆರೆತಂಥ ತಿಳಿ ಗುಲಾಬಿ ಬಣ್ಣ ಕಂಡರೆ ಗಾಡಿ ಸ್ಟಾರ್ಟ್ ಮಾಡುವುದನ್ನೇ ನಿಲ್ಲಿಸು. ನೀರೋ ಕೂಲಂಟೋ ಗೇರ್ ಆಯಿಲಿಗೆ ಸೇರಿದೆ ಅಂತ ಅರ್ಥ. ಎರಡೂ ಒಂದರ ಪಕ್ಕ ಒಂದು ಹರಿಯುವ ಕೂಲರ್ ಒಳಗೆ ತುಕ್ಕು ಹಿಡಿದು ತೂತಾಗಿರಬಹುದು. ಕೂಲಂಟ್ ಬದಲು ವರ್ಷಗಟ್ಟಲೆ ಬೋರ್‌ವೆಲ್ ನೀರು ತುಂಬಿಸಿದ ಕಾರುಗಳಿಗೆ ಈ ಗತಿ ಬೇಗ ಬರುತ್ತದೆ. ಕ್ಲಚ್ ಪ್ಲೇಟಿನ ಲೈನಿಂಗ್ ಅಂಟಿನಿಂದ ಕೂತಿರುತ್ತದೆ, ನೀರಿಗೆ ಆ ಅಂಟು ಬಿಡುತ್ತದೆ.

• ತೊಂದರೆ ಶುರುವಾದದ್ದು ಸರ್ವೀಸ್ ಆದ ಮರುದಿನವೋ? ಹಾಗಿದ್ದರೆ ಎಂಜಿನ್ ಆಯಿಲ್, ಗೇರ್ ಆಯಿಲ್ ಎರಡರ ಮಟ್ಟವನ್ನೂ ಮೊದಲು ನೋಡು. ಹೋಂಡಾಗಳಲ್ಲಿ ಎಂಜಿನ್ ಆಯಿಲ್ ಬಿಡುವ ಬೋಲ್ಟ್ ಬದಲು ಪಕ್ಕದ ಗೇರ್‌ಬಾಕ್ಸಿನ ಬೋಲ್ಟ್ ಬಿಚ್ಚಿ, ಎಟಿಎಫ್ ಖಾಲಿ ಮಾಡಿ, ಎಂಜಿನ್ನಿಗೆ ಇನ್ನೊಂದು ಸಲ ತುಂಬಿಸಿದ ಪ್ರಸಂಗಗಳು ಆಗಿವೆ. ಗೇರ್‌ಬಾಕ್ಸಿನ ಬೋಲ್ಟಿನ ತಲೆಯಲ್ಲಿ ಚೌಕದ ಗುಳಿ ಇರುತ್ತದೆ, ಎಂಜಿನ್ನಿನದು ಮಾಮೂಲಿ ಸ್ಪ್ಯಾನರ್ ಹಿಡಿಯುವಂಥದ್ದು. ಸರ್ವೀಸಿಗೆ ಬಿಟ್ಟಾಗ ಪಕ್ಕದಲ್ಲಿ ನಿಂತು ನೋಡಿಕೊಳ್ಳುವುದರಲ್ಲಿ ಸಂಕೋಚ ಬೇಡ.

• ರಾತ್ರಿ ಕಾರಿನ ಕೆಳಗೆ ಒಂದು ದೊಡ್ಡ ರಟ್ಟು ಹಾಸಿಡು. ಬೆಳಿಗ್ಗೆ ಕೆಂಪು ಕಲೆ ಬಿದ್ದಿದ್ದರೆ ಎಲ್ಲಿ ಬಿದ್ದಿದೆ ನೋಡು. ಚಕ್ರದ ಕಡೆಗೆ ಅಂದರೆ ಆಕ್ಸಲ್ ಸೀಲ್, ರೇಡಿಯೇಟರ್ ಕಡೆಗೆ ಅಂದರೆ ಕೂಲರ್ ಪೈಪು, ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಅಂದರೆ ಟಾರ್ಕ್ ಕನ್ವರ್ಟರ್ ಸೀಲ್. ಮೊದಲೆರಡು ಸಣ್ಣ ಕೆಲಸ. ಮೂರನೆಯದಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು, ಆದರೆ ಬಿಚ್ಚಬೇಕಾಗಿಲ್ಲ. ಇಳಿಸುವುದಕ್ಕೂ ಬಿಚ್ಚುವುದಕ್ಕೂ ಬಿಲ್ಲಿನಲ್ಲಿ ಬಹಳ ವ್ಯತ್ಯಾಸವಿದೆ, ಕೇಳಿ ತಿಳಿದುಕೋ.

• ಈಗ ಎಂಜಿನ್ ಮತ್ತು ಅದರ ಸುತ್ತಮುತ್ತ. ಗೇರ್‌ಬಾಕ್ಸಿನ ತಲೆಗೆ ಕಟ್ಟುವ ಅಪವಾದಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿ.
"ಪಿ"ಯಿಂದ "ಡಿ"ಗೋ "ಆರ್"ಗೋ ಹಾಕಿದಾಗ ಧಡ್ ಅಂತ ಹೊಡೆತ ಬಂದರೆ ಮೊದಲು ಐಡ್ಲಿಂಗ್ ನೋಡು. ಬಿಸಿಯಾದ ಎಂಜಿನ್ ಏಳೆಂಟು ನೂರರ ಆಸುಪಾಸಿನಲ್ಲಿ ತಿರುಗಬೇಕು. ಸಾವಿರ ದಾಟಿದ್ದರೆ ಯಾವ ಗೇರ್‌ಬಾಕ್ಸಾದರೂ ಹೊಡೆಯುತ್ತದೆ. ಥ್ರಾಟಲ್ ಬಾಡಿ ಕೊಳೆಯಾಗಿರಬಹುದು. ಐಡ್ಲಿಂಗ್ ಸರಿಯಿದ್ದರೆ ಎಂಜಿನ್ ಮೌಂಟ್ ನೋಡು. ಬಾನೆಟ್ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು ಒಬ್ಬರು "ಆರ್", "ಡಿ" ಬದಲಿಸಲಿ. ಇನ್ನೊಬ್ಬರು ಪಕ್ಕದಲ್ಲಿ, ನೆನಪಿಡು, ಗಾಡಿಯ ಮುಂದೆ ಅಲ್ಲ, ಪಕ್ಕದಲ್ಲಿ ನಿಂತು ನೋಡಲಿ. ಎಂಜಿನ್ ಸ್ವಲ್ಪ ಅಲ್ಲಾಡುವುದು ಸಹಜ. ಮೇಲೆದ್ದು ಕೂತ ಹಾಗೆ ಜಿಗಿದರೆ ಮೌಂಟಿನ ರಬ್ಬರ್ ಹರಿದಿದೆ. ಒಬ್ಬ ನಿವೃತ್ತ ಮೇಷ್ಟ್ರು ಗೇರ್‌ಬಾಕ್ಸ್ ಬದಲಿಸುವುದಕ್ಕೆ ಅಂತ ಠೇವಣಿ ಮುರಿಸಲು ಹೊರಟಿದ್ದರು. ಅವರ ಕಾರಿನ ಎಡಗಡೆಯ ಮೌಂಟ್ ತೆಗೆದಾಗ ರಬ್ಬರ್ ಒಂದು ಕಡೆ, ಕಬ್ಬಿಣ ಒಂದು ಕಡೆ ಆಗಿ ಕೈಗೆ ಬಂತು. ಅದನ್ನು ಬದಲಿಸಿದ ದಿನವೇ ಹೊಡೆತ ನಿಂತಿತು.
ಓಡುವಾಗ ನಡುಗಿದರೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ನೋಡಿಸು. ವೇಗ ಏರಿದಂತೆ ಗುಂಯ್ ಅನ್ನುವ ಶಬ್ದ ಬಂದರೆ ಚಕ್ರದ ಬೇರಿಂಗ್ ನೋಡಿಸು. ಸ್ಟಿಯರಿಂಗ್ ಸ್ವಲ್ಪ ಎಡಕ್ಕೋ ಬಲಕ್ಕೋ ತಿರುಗಿಸಿದಾಗ ಶಬ್ದ ಬದಲಾದರೆ ಅದು ಬೇರಿಂಗೇ. ತಿರುವಿನಲ್ಲಿ ಟಕಟಕ ಅಂದರೆ ಡ್ರೈವ್ ಶಾಫ್ಟಿನ ಜಾಯಿಂಟ್. ಬ್ಯಾಟರಿಯನ್ನೂ ಮರೆಯಬೇಡ. ರಾತ್ರಿಯಿಡೀ ನಿಂತ ಮೇಲೆ 12.6 ವೋಲ್ಟ್ ಹತ್ತಿರ, ಎಂಜಿನ್ ಓಡುವಾಗ 14ರ ಆಸುಪಾಸು ತೋರಿಸಬೇಕು. ಕರೆಂಟ್ ಸೋತರೆ ಗೇರ್ ಬದಲಿಸುವ ಕಂಪ್ಯೂಟರಿಗೂ ತಲೆ ಕೆಡುತ್ತದೆ.

• ಲಿವರ್ "ಪಿ"ಯಿಂದ ಕದಲುತ್ತಲೇ ಇಲ್ಲವೇ? ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತು, ಲೈಟ್ ಹೊತ್ತುತ್ತದೋ ಕೇಳು. ಹೊತ್ತದಿದ್ದರೆ ಪೆಡಲ್ ಮೇಲಿರುವ ಸ್ವಿಚ್ಚೋ ಫ್ಯೂಸೋ ಹೋಗಿದೆ. ಬ್ರೇಕ್ ಒತ್ತಿದ್ದೀಯ ಅಂತ ಗಾಡಿಗೆ ಗೊತ್ತಾಗದೆ ಲಿವರ್ ಬಿಡುವುದಿಲ್ಲ. ಬಹಳ ಕಾರುಗಳಲ್ಲಿ ಲಿವರ್ ಪಕ್ಕ ಒಂದು ಸಣ್ಣ ಮುಚ್ಚಳ ಇರುತ್ತದೆ. ಅದರೊಳಗೆ ಕೀ ತುದಿ ಒತ್ತಿ ಹಿಡಿದರೆ ಲಿವರ್ ಬಿಡಿಸಿಕೊಳ್ಳಬಹುದು. ಇಳಿಜಾರಿನಲ್ಲಿ ನಿಲ್ಲಿಸುವಾಗ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ "ಪಿ". ಇಲ್ಲದಿದ್ದರೆ ಇಡೀ ಕಾರಿನ ಭಾರ ಒಳಗಿನ ಒಂದು ಸಣ್ಣ ಕೊಕ್ಕೆಯ ಮೇಲೆ ಬೀಳುತ್ತದೆ.

• ಇಷ್ಟೆಲ್ಲ ಸರಿ ಇದ್ದೂ ತೊಂದರೆ ಉಳಿದರೆ ಆಗ ಗೇರ್‌ಬಾಕ್ಸಿನ ಕಡೆ ತಿರುಗು. ತಣ್ಣಗಿದ್ದಾಗ ಗೇರ್ ತಡವಾಗಿ ಹಿಡಿದು ಬಿಸಿಯಾದಾಗ ಸರಿಹೋದರೆ, ಆಯಿಲ್ ಮಟ್ಟವೂ ಸರಿಯಿದ್ದರೆ, ಒಳಗಿನ ರಬ್ಬರ್ ಸೀಲುಗಳು ಗಟ್ಟಿಯಾಗಿವೆ. ಇದು ವಯಸ್ಸಿನ ಕಾಯಿಲೆ, ಇನ್ನೂ ಕೆಲವು ಕಾಲ ತಳ್ಳಬಹುದು. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದಾಗ ಜಾರಿದರೆ, ಅಂದರೆ ಆರ್‌ಪಿಎಂ ಏರಿದರೂ ವೇಗ ಏರದಿದ್ದರೆ, ಕ್ಲಚ್ ಸವೆದಿದೆ ಅಥವಾ ಒತ್ತಡ ಸೋರುತ್ತಿದೆ. ಇದನ್ನು ತಳ್ಳಬಾರದು. ಜಾರಿದಷ್ಟೂ ಬಿಸಿ, ಬಿಸಿಯಾದಷ್ಟೂ ಸವೆತ.

• ನೀನು ಫೋನಿನಲ್ಲಿ ಹೇಳಿದ ಮಾತು ಇದೇ ಇರಬೇಕು ಅಂತ ನನಗನ್ನಿಸಿದೆ: ಮೈಸೂರು ರಸ್ತೆಯಲ್ಲಿ ಅರವತ್ತು ಎಪ್ಪತ್ತರ ವೇಗದಲ್ಲಿ, ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿದ್ದಾಗ, ಅಡ್ಡಪಟ್ಟಿ ಬಳಿದ ರಸ್ತೆಯ ಮೇಲೆ ಹೋದ ಹಾಗೆ ನಾಲ್ಕೈದು ಸೆಕೆಂಡ್ ಗಡಗಡ. ಟಾರ್ಕ್ ಕನ್ವರ್ಟರ್ ಒಳಗೆ ಒಂದು ಲಾಕಪ್ ಕ್ಲಚ್ ಇದೆ. ಒಂದೇ ಸಮನೆ ಓಡುವಾಗ ಅದು ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಕಟ್ಟಿಹಾಕುತ್ತದೆ. ಆಯಿಲ್ ಹಳತಾದಾಗ ಅದು ಹಿಡಿದು ಬಿಟ್ಟು ಹಿಡಿದು ಬಿಟ್ಟು ನಡುಗುತ್ತದೆ. ಪರೀಕ್ಷೆ ಸುಲಭ. ಹಿಂದೆ ಮುಂದೆ ಗಾಡಿಯಿಲ್ಲದ ನೇರ ರಸ್ತೆಯಲ್ಲಿ, ನಡುಕ ಬಂದಾಗ ಬಲಗಾಲು ಕದಲಿಸದೆ, ಎಡಗಾಲಿನಿಂದ ಬ್ರೇಕ್ ಲೈಟ್ ಹೊತ್ತುವಷ್ಟು ಮಾತ್ರ ಪೆಡಲ್ ಮುಟ್ಟು. ಬ್ರೇಕ್ ಮುಟ್ಟಿದೊಡನೆ ಲಾಕಪ್ ಬಿಟ್ಟುಕೊಳ್ಳುತ್ತದೆ. ನಡುಕ ತಟ್ಟನೆ ನಿಂತರೆ ಲಾಕಪ್ಪಿನದೇ ಕೆಲಸ, ಮುಂದುವರಿದರೆ ಪ್ಲಗ್ಗೋ ಕಾಯಿಲ್ಲೋ. ಎಡಗಾಲಿನ ಅಭ್ಯಾಸ ಇಲ್ಲದಿದ್ದರೆ ಈ ಪರೀಕ್ಷೆಯನ್ನು ಅನುಭವಸ್ಥರ ಕೈಲಿ ಮಾಡಿಸು, ನೀನು ಪಕ್ಕದಲ್ಲಿ ಕೂತು ನೋಡು. ಲಾಕಪ್ ನಡುಕ ಎಷ್ಟೋ ಸಲ ಆಯಿಲ್ ಬದಲಿಸಿದರೆ ಹೋಗುತ್ತದೆ.

• ಡ್ಯಾಶ್‌ಬೋರ್ಡಿನಲ್ಲಿ "ಡಿ" ಅಕ್ಷರ ಮಿಟುಕುತ್ತಿದ್ದರೆ ಅದು ಹೋಂಡಾದ ಗೇರ್‌ಬಾಕ್ಸ್ ಎಚ್ಚರಿಕೆ. ಹಳೆಯ ಟೊಯೋಟಾಗಳಲ್ಲಿ "ಓಡಿ ಆಫ್" ದೀಪ ಮಿಟುಕುತ್ತದೆ. ಗಾಡಿ ಒಂದೇ ಗೇರಿನಲ್ಲಿ ಸಿಕ್ಕಿಕೊಂಡು, ಸಿಗ್ನಲ್ಲಿನಿಂದ ಹೊರಡುವಾಗ ಭಾರ ಹೊತ್ತ ಹಾಗೆ ಏಳದಿದ್ದರೆ ಅದು ತನ್ನನ್ನು ತಾನೇ ಕಾಪಾಡಿಕೊಳ್ಳುವ ಸ್ಥಿತಿಗೆ ಹೋಗಿದೆ. ಎಂಜಿನ್ ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿಹೋಗಬಹುದು, ಅದನ್ನು ರಿಪೇರಿ ಅಂದುಕೊಳ್ಳಬೇಡ.
ಸ್ಟಿಯರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿಸಿ ಕೋಡ್ ಓದಿಸು, ಬರೆದುಕೋ, ಫೋಟೋ ತೆಗೆದುಕೋ. ಪಿ0700 ಅಂತ ಬಂದರೆ ಅದು ಕಾಯಿಲೆಯ ಹೆಸರಲ್ಲ, "ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಒಂದು ದೂರು ಇದೆ, ಅಲ್ಲಿ ಹೋಗಿ ಓದು" ಅನ್ನುವ ಸೂಚನೆ ಅಷ್ಟೆ. ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಅಲ್ಲೇ ನಿಂತುಬಿಡುವುದುಂಟು. ಕಂಪನಿಗೆ ಹೊಂದುವ ಸ್ಕ್ಯಾನರ್ ಬೇಕಾಗುತ್ತದೆ. ಪಿ0715, ಪಿ0720 ಅಂದರೆ ವೇಗ ಅಳೆಯುವ ಸೆನ್ಸರ್ ಅಥವಾ ಅದರ ವೈರಿಂಗ್. ಪಿ0705 ಲಿವರ್ ಎಲ್ಲಿದೆ ಅಂತ ತಿಳಿಸುವ ಸ್ವಿಚ್ಚಿನದು. ಪಿ0750 ಶಿಫ್ಟ್ ಸೊಲೆನಾಯ್ಡ್. ಪಿ0741 ಲಾಕಪ್. ಪಿ0730 ಅಂದರೆ ಗೇರಿನ ಅನುಪಾತವೇ ತಪ್ಪುತ್ತಿದೆ, ಒಳಗೆಲ್ಲೋ ಜಾರುತ್ತಿದೆ. ಇದು ಭಾರದ್ದು, ಆದರೂ ಮೊದಲು ಆಯಿಲ್ ಮಟ್ಟ ನೋಡಲೇಬೇಕು. ಸೆನ್ಸರ್ ಕೋಡ್ ಬಂದಾಗ ಹೊಸ ಸೆನ್ಸರ್ ತರುವ ಮುಂಚೆ ಕನೆಕ್ಟರ್ ಬಿಚ್ಚಿ ನೋಡಿಸು. ಹಸಿರು ತುಕ್ಕು ಹಿಡಿದ ಪಿನ್ನು, ಇಲಿ ಕಡಿದ ವೈರು ನಮ್ಮ ಊರುಗಳಲ್ಲಿ ಮಾಮೂಲು. ಏನು ಬಂದಿತ್ತು ಅಂತ ಬರೆದುಕೊಳ್ಳುವ ಮುಂಚೆ ಯಾರಿಗೂ ಕೋಡ್ ಅಳಿಸಲು ಬಿಡಬೇಡ.

• ಆಯಿಲ್ ಬದಲಿಸುವ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. "ಜೀವನಪೂರ್ತಿ ಬದಲಿಸಬೇಕಿಲ್ಲ" ಅನ್ನುವ ಮಾತನ್ನು ನಮ್ಮ ಬಿಸಿಲಿಗೂ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿಗೂ ಒಪ್ಪಲಾರೆ. ನಲವತ್ತು ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸು. ಆದರೆ ಎಂದೂ ಬದಲಿಸದೆ ಲಕ್ಷ ದಾಟಿದ ಗೇರ್‌ಬಾಕ್ಸಿಗೆ ಮೆಷಿನ್ ಇಟ್ಟು ಒತ್ತಡದಲ್ಲಿ ತೊಳೆಸಬೇಡ. ಕೂತಿದ್ದ ಕಸ ಎದ್ದು ವಾಲ್ವಿನ ಸಣ್ಣ ದಾರಿಗಳಿಗೆ ಹೋಗುತ್ತದೆ. ಕೆಳಗಿನ ಬೋಲ್ಟ್ ತೆಗೆದು ತಾನಾಗಿ ಇಳಿದಷ್ಟನ್ನು ಅಳೆದು, ಅಷ್ಟೇ ಹೊಸದು ಹಾಕಿಸು. ನಿನ್ನ ಸಿಟಿಯಲ್ಲಿ ಒಂದು ಸಲಕ್ಕೆ ಇಳಿಯುವುದು ಸುಮಾರು ಎರಡೂವರೆ ಲೀಟರ್, ಒಟ್ಟು ಇರುವುದರಲ್ಲಿ ಅರ್ಧವೂ ಅಲ್ಲ. ಉಳಿದದ್ದು ಟಾರ್ಕ್ ಕನ್ವರ್ಟರ್ ಒಳಗೆ ನಿಂತಿರುತ್ತದೆ. ನಡುನಡುವೆ ಕೆಲವು ನೂರು ಕಿಲೋಮೀಟರ್ ಓಡಿಸಿ ಮೂರು ಸಲ ಹೀಗೆ ಮಾಡಿದರೆ ಮುಕ್ಕಾಲು ಪಾಲು ಹೊಸದಾಗುತ್ತದೆ.
ಬೋಲ್ಟಿನ ತುದಿಯ ಅಯಸ್ಕಾಂತವನ್ನು ನೀನೇ ಕೈಯಲ್ಲಿ ಹಿಡಿದು ನೋಡು. ಬೂದು ಬಣ್ಣದ ನುಣ್ಣನೆಯ ಮೆತ್ತೆ ಅಂಟಿದ್ದರೆ ಸಹಜ ಸವೆತ. ಒರೆಸಿದಾಗ ಬಟ್ಟೆಗೆ ಚುಚ್ಚುವ ಚೂರು ಸಿಕ್ಕರೆ ಗೇರೋ ಬೇರಿಂಗೋ ಒಡೆಯುತ್ತಿದೆ.
ಆಯಿಲ್ ಮಾತ್ರ ಕಾರಿನ ಪುಸ್ತಕದಲ್ಲಿ ಬರೆದದ್ದೇ ಆಗಬೇಕು. ಹೋಂಡಾ ಟಾರ್ಕ್ ಕನ್ವರ್ಟರಿಗೆ ಹಿಂದೆ ಜೆಡ್‌-1 ಇತ್ತು, ಅದರ ಜಾಗಕ್ಕೆ ಡಿಡಬ್ಲ್ಯೂ-1 ಬಂದಿದೆ. 2014ರ ಸಿವಿಟಿಗೆ ಎಚ್‌ಸಿಎಫ್‌-2. ಹಳೆಯ ಹುಂಡೈಗೆ ಎಸ್‌ಪಿ-3. ಸಿವಿಟಿಗೆ ಮಾಮೂಲಿ ಎಟಿಎಫ್ ಸುರಿದರೆ ಬೆಲ್ಟ್ ಜಾರಿ ಒಳಗೆಲ್ಲ ಗೀರು ಬೀಳುತ್ತದೆ, ಅದಕ್ಕೆ ಮದ್ದಿಲ್ಲ.

• ಬೇರೆ ಬಗೆಯ ಆಟೋಮ್ಯಾಟಿಕ್ ಇರುವವರಿಗೆ ಎರಡೆರಡು ಮಾತು. ಹಳೆಯ ಸಿಟಿಯ ಸಿವಿಟಿಯಲ್ಲಿ ಟಾರ್ಕ್ ಕನ್ವರ್ಟರ್ ಬದಲು ಸ್ಟಾರ್ಟ್ ಕ್ಲಚ್ ಇದೆ. ಹೊರಡುವಾಗ ನಡುಗಿದರೆ ಆಯಿಲ್ ಬದಲಿಸಿ ಆ ಕ್ಲಚ್ಚಿಗೆ ಕ್ಯಾಲಿಬ್ರೇಷನ್ ಮಾಡಿಸಬೇಕು. ಎಎಂಟಿಯಲ್ಲಿ ಗೇರ್ ಬೀಳದಿದ್ದರೆ ಬ್ಯಾಟರಿ, ಬ್ರೇಕ್ ಸ್ವಿಚ್, ಆಕ್ಚುಯೇಟರಿನ ಆಯಿಲ್, ಅದರ ಪಂಪು, ಈ ಕ್ರಮದಲ್ಲಿ ನೋಡಿಸಿ. ಕ್ಲಚ್ ಪ್ಲೇಟ್ ಮ್ಯಾನ್ಯುವಲ್ ಕಾರಿನದೇ. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರಿನಲ್ಲೇ ಗಾಡಿ ನಿಲ್ಲಿಸುವ ಅಭ್ಯಾಸವಿದ್ದರೆ ಅದು ಬೇಗ ಸುಡುತ್ತದೆ. ಬದಲಿಸಿದ ಮೇಲೆ ಸ್ಕ್ಯಾನರ್ ಹಾಕಿ ಹೊಸ ಕ್ಲಚ್ಚನ್ನು ಕಂಪ್ಯೂಟರಿಗೆ ಪರಿಚಯಿಸದೆ ಬಿಟ್ಟರೆ ಹೊಸದೂ ಜಗ್ಗುತ್ತದೆ. ಒಣ ಕ್ಲಚ್ಚಿನ ಡಿಎಸ್‌ಜಿಯವರು ಟ್ರಾಫಿಕ್ಕಿನಲ್ಲಿ ಇಂಚಿಂಚೇ ತೆವಳದೆ, ಸ್ವಲ್ಪ ಜಾಗ ಬಿಟ್ಟು ಒಂದೇ ಸಲ ಮುಂದೆ ಹೋಗಿ.

• ಮಳೆಗಾಲದಲ್ಲಿ ಅಂಡರ್‌ಪಾಸ್ ನೀರಿನಲ್ಲಿ ನಿಂತ ಗಾಡಿಯನ್ನು, ಅಥವಾ 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ಆದ ಹಾಗೆ ಮನೆಯೆದುರೇ ಮುಳುಗಿದ ಗಾಡಿಯನ್ನು, ಗೇರ್ ಆಯಿಲ್ ನೋಡದೆ ಸ್ಟಾರ್ಟ್ ಮಾಡಬೇಡ. ಗಾಳಿಯಾಡಲು ಬಿಟ್ಟ ಸಣ್ಣ ಕೊಳವೆಯಿಂದ ನೀರು ಒಳಗೆ ಹೋಗಿರಬಹುದು. ಇನ್ನೊಂದು, ಕೆಟ್ಟು ನಿಂತ ಆಟೋಮ್ಯಾಟಿಕ್ ಅನ್ನು ಹಗ್ಗ ಕಟ್ಟಿ ಎಳೆಸಬೇಡ. ಆಯಿಲ್ ಪಂಪ್ ತಿರುಗುವುದು ಎಂಜಿನ್ನಿನಿಂದ. ಎಂಜಿನ್ ಆಫ್ ಇದ್ದು ಚಕ್ರ ತಿರುಗಿದರೆ ಒಳಗೆಲ್ಲ ಆಯಿಲಿಲ್ಲದೆ ಉಜ್ಜುತ್ತದೆ. ಇಡೀ ಕಾರನ್ನು ಲಾರಿಯ ಮೇಲೆ ಹತ್ತಿಸಿಯೇ ಒಯ್ಯಬೇಕು.

• ಗ್ಯಾರೇಜಿಗೆ ಹೋದಾಗ "ಗೇರ್‌ಬಾಕ್ಸ್ ನೋಡಿ" ಅನ್ನಬೇಡ, ಬರೆದಿಟ್ಟ ಲಕ್ಷಣ ಓದಿ ಹೇಳು. ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ತೊಂದರೆ ಬರುವವರೆಗೂ ಓಡಿಸು. ನಿನ್ನ ಜೊತೆ ಕೂತು ಓಡದೆ, ಕೋಡ್ ಓದದೆ, ಆಯಿಲ್ ನೋಡದೆ ಬೆಲೆ ಹೇಳಿದವರ ಮಾತಿಗೆ ಬೆಲೆ ಕೊಡಬೇಡ. ಬಿಚ್ಚಲೇಬೇಕು ಅಂದರೆ ಒತ್ತಡದ ಪರೀಕ್ಷೆ ಮಾಡಿದ್ದೀರಾ, ಸೊಲೆನಾಯ್ಡ್‌ಗಳ ಓಮ್ಸ್ ಅಳೆದಿದ್ದೀರಾ ಅಂತ ಕೇಳು. ಗೊತ್ತಿದ್ದವರು ಸಿಟ್ಟಾಗುವುದಿಲ್ಲ, ಕಾಗದ ತೋರಿಸುತ್ತಾರೆ. ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರ್ ಪೂರ್ತಿ ಕೊಟ್ಟು ನೋಡುವ ಪರೀಕ್ಷೆಯೊಂದಿದೆ. ನೀನು ಅದನ್ನು ಮಾಡಬೇಡ, ಹುಡುಗರ ಕೈಲೂ ಮಾಡಿಸಬೇಡ. ಐದು ಸೆಕೆಂಡ್ ಮೀರಿದರೆ ಸರಿಯಿದ್ದದ್ದೂ ಸುಡುತ್ತದೆ.

• ಕೊನೆಗೂ ಒಳಗೇ ಕೆಟ್ಟಿದೆ ಅಂತ ಖಚಿತವಾದರೆ ಲೆಕ್ಕ ಹಾಕು. ರಿಪೇರಿಯ ಖರ್ಚು, ಕಾರಿನ ಇವತ್ತಿನ ಬೆಲೆ, ಹದಿನೈದು ವರ್ಷ ತುಂಬಿದಾಗ ಆರ್‌ಟಿಓದಲ್ಲಿ ಐದು ವರ್ಷಕ್ಕೆ ನವೀಕರಿಸಲು ಬೀಳುವ ಖರ್ಚು, ಮೂರನ್ನೂ ಒಂದು ಹಾಳೆಯಲ್ಲಿ ಬರೆ. ಬಾಡಿ, ಎಂಜಿನ್ ಗಟ್ಟಿಯಿದ್ದರೆ ಸೆಕೆಂಡ್ ಹ್ಯಾಂಡ್ ಗೇರ್‌ಬಾಕ್ಸ್ ಹಾಕಿಸುವುದೂ ಒಂದು ದಾರಿ. ಶಿವಾಜಿನಗರದ ಗುಜರಿಗೆ ಒಬ್ಬಳೇ ಹೋಗಬೇಡ, ಕೂರಿಸುವ ಮೆಕ್ಯಾನಿಕ್ಕನ್ನೇ ಕರೆದುಕೊಂಡು ಹೋಗು. ಗೇರ್‌ಬಾಕ್ಸಿನ ಮೇಲೆ ಕೊರೆದ ನಂಬರು ನಿನ್ನದಕ್ಕೆ ಹೊಂದಬೇಕು. ಒಳಗಿನ ಆಯಿಲ್ ತೊಟ್ಟನ್ನು ಅಲ್ಲೇ ಮೂಸಿ ನೋಡಿ, ಬೋಲ್ಟ್ ತೆಗೆಸಿ ಅಯಸ್ಕಾಂತ ನೋಡಿ. ಕೆಟ್ಟರೆ ಬದಲಿಸಿ ಕೊಡುವ ಅವಧಿಯನ್ನು ಬಿಲ್ಲಿನ ಮೇಲೆ ಬರೆಸಿಕೋ. ಕೂರಿಸುವಾಗ ಹೊಸ ಕನ್ವರ್ಟರ್ ಸೀಲ್, ಹೊಸ ಆಕ್ಸಲ್ ಸೀಲ್ ಹಾಕಿಸು, ಕೂಲರ್ ಪೈಪುಗಳನ್ನು ತೊಳೆಸು; ಹಳೆಯದರ ಲೋಹದ ಪುಡಿ ಅಲ್ಲೇ ಕೂತಿರುತ್ತದೆ. ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ ಆಯಿಲ್ ಇಳಿಸಿ ಅಯಸ್ಕಾಂತವನ್ನು ಇನ್ನೊಮ್ಮೆ ನೋಡಿ ನನಗೆ ಫೋನು ಮಾಡು.